ಉದ್ರಿ ತೀರದೆ ಲೆನ್ಸ್ ಬೇಡ: ಮನೆ ಚೇತರಿಸಿಕೊಳ್ಳುವ ಹೊತ್ತಿನಲ್ಲಿ ಫೋಟೊ ಹವ್ಯಾಸ ಉಳಿಸಿಕೊಳ್ಳುವ ಬಗೆ

ಆರು ತಿಂಗಳು ಕೆಲಸವಿಲ್ಲದೆ ಕಳೆದ ಮನೆಗೆ ಮತ್ತೆ ಸಂಬಳ ಬರತೊಡಗಿದಾಗ ಕಷ್ಟ ಮುಗಿಯಿತು ಅನಿಸುವುದು ಸಹಜ. ಆದರೆ ಆ ಮೊದಲ ಮೂರ್ನಾಲ್ಕು ಸಂಬಳಕ್ಕೆ ಆಗಲೇ ವಾರಸುದಾರರು ಕಾದಿರುತ್ತಾರೆ: ಕಿರಾಣಿ ಅಂಗಡಿಯ ಉದ್ರಿ, ಮನೆ ಬಾಡಿಗೆಯ ಬಾಕಿ, ಬೀಗರ ಹತ್ತಿರ ತಂದ ಕೈಗಡ, ಅಡವಿಟ್ಟ ಬಂಗಾರದ ಬಡ್ಡಿ. ಫೋಟೊ ತೆಗೆಯುವ ಆಸೆಯನ್ನು ಅಷ್ಟು ದಿನ ಅದುಮಿಟ್ಟುಕೊಂಡವರು ಎಡವುವುದು ಸರಿಯಾಗಿ ಈ ಹೊತ್ತಿನಲ್ಲೇ. ಕೆಲಸ ಸಿಕ್ಕಿತಲ್ಲ, ತಿಂಗಳಿಗೆ ಎರಡು ಸಾವಿರದ ಕಂತು ಏನು ಮಹಾ ಎಂದು ಹೊಸ ಕ್ಯಾಮೆರಾ ಮನೆಗೆ ಬರುತ್ತದೆ. ಮೂರನೇ ತಿಂಗಳಿಗೆ ಅದು ಮನೆಯವರ ಕಣ್ಣು ಚುಚ್ಚತೊಡಗುತ್ತದೆ. ವರ್ಷದೊಳಗೆ ಅರ್ಧ ಬೆಲೆಗೆ ಮಾರಾಟವಾಗುತ್ತದೆ, ಅದರ ಜೊತೆ ಹವ್ಯಾಸವೂ ಹೋಗುತ್ತದೆ.

ಇದಕ್ಕೆ ಒಂದೇ ಕಟ್ಟುಪಾಡು ಸಾಕು. ಬರಲಿರುವ ಸಂಬಳವನ್ನು ನಂಬಿ ಏನನ್ನೂ ಕೊಳ್ಳಬೇಡಿ. ಬಂದ ಸಂಬಳದಲ್ಲಿ ಮನೆಯ ಪಾಲು ಕಳೆದು, ಫೋಟೊ ಎಂದು ಎತ್ತಿಟ್ಟ ದುಡ್ಡು ಎಷ್ಟಿದೆಯೋ ಅಷ್ಟರಲ್ಲೇ ಕೊಳ್ಳಿ. ಅಲ್ಲಿಯವರೆಗೆ ಕೈಯಲ್ಲಿರುವ ಸಾಮಾನಿಗೆ ಒಪ್ಪುವ ಚಿತ್ರಗಳನ್ನು ಹುಡುಕಿಕೊಂಡು ಹೋಗಿ. ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿಯ ಸುತ್ತ ಅಂಥವಕ್ಕೆ ಬರವಿಲ್ಲ.

ಮನೆಯ ಲೆಕ್ಕದಲ್ಲಿ ಒಂದು ಸಾಲು

ಒಂದು ನೂರು ಪುಟದ ನೋಟ್‌ಬುಕ್ ತೆಗೆದುಕೊಂಡು, ಕೊಡಬೇಕಾದ ದುಡ್ಡನ್ನೆಲ್ಲ ತೀರಿಸುವ ಕ್ರಮದಲ್ಲಿ ಬರೆಯಿರಿ. ಕಿರಾಣಿ ಉದ್ರಿ ಮೊದಲು. ನಾಳೆ ಮತ್ತೆ ಕಷ್ಟ ಬಂದರೆ ಕೈ ಹಿಡಿಯುವುದು ಅದೇ ಅಂಗಡಿ. ಆಮೇಲೆ ಬಾಡಿಗೆ ಬಾಕಿ, ಮಕ್ಕಳ ಸಾಲಿ ಫೀ. ಬಂಗಾರದ ಸಾಲದಲ್ಲಿ ಅಸಲು ತಡವಾದರೂ ಬಡ್ಡಿ ತಪ್ಪಿಸಬೇಡಿ. ಅವಧಿ ಮೀರಿ ನೋಟಿಸು ಬಂದರೂ ಸುಮ್ಮನಿದ್ದರೆ ಒಡವೆ ಹರಾಜಿಗೆ ಹೋಗುತ್ತದೆ. ಬಡ್ಡಿಯಿಲ್ಲದ ಕೈಗಡ ಕೊನೆಗಿರಲಿ. ಆದರೆ ಕೊಟ್ಟವರಿಗೆ ಇಂಥ ತಿಂಗಳು ಮುಟ್ಟಿಸುತ್ತೇವೆ ಎಂದು ಈಗಲೇ ಹೇಳಿಬಿಡಿ.

ಈ ಪಟ್ಟಿಯ ಕೆಳಗೆ ‘ಫೋಟೊ’ ಎಂದು ಒಂದು ಸಾಲು ಬರೆದು, ಮನೆಯವರೆಲ್ಲರ ಎದುರಿಗೆ ಮೊತ್ತ ಹಾಕಿ. ಮುಚ್ಚಿಟ್ಟು ಉಳಿಸಿದ ಐನೂರು ರೂಪಾಯಿ ಗೊತ್ತಾದ ದಿನ ಜಗಳವಾಗುತ್ತದೆ. ಬರೆದಿಟ್ಟ ಐನೂರು ಯಾರಿಗೂ ಹೊರೆ ಅನಿಸುವುದಿಲ್ಲ. ಕೆಲಸ ಕಳೆದುಕೊಂಡಿದ್ದವರು ಮನೆಯಲ್ಲಿ ಆಗಲೇ ಒಂದು ಬಗೆಯ ಸಂಕೋಚದಲ್ಲಿರುತ್ತಾರೆ. ಅವರಿಗೆ ಗೊತ್ತಿಲ್ಲದಂತೆ ಇನ್ನೊಬ್ಬರು ಖರ್ಚು ಮಾಡಿದರೂ, ಅವರೇ ಕದ್ದು ಖರ್ಚು ಮಾಡಿದರೂ ಆ ಗಾಯ ಮಾಯುವುದು ತಡವಾಗುತ್ತದೆ.

ಮೊತ್ತ ಎಷ್ಟು ಎಂಬುದಕ್ಕೆ ಮೂರು ಹಂತ ಇಟ್ಟುಕೊಳ್ಳಿ. ಸಂಬಳ ಶುರುವಾದ ಮೊದಲ ಮೂರು ತಿಂಗಳು ಸೊನ್ನೆ. ಉದ್ರಿ, ಬಾಡಿಗೆ ಬಾಕಿ ತೀರಿ ಉಳಿದ ಸಾಲ ಇಳಿಮುಖವಾದ ಮೇಲೆ ಸಂಬಳದ ನೂರಕ್ಕೆ ಎರಡು. ಒಂದು ತಿಂಗಳ ಮನೆಖರ್ಚು ಬ್ಯಾಂಕಿನಲ್ಲಿ ಮುಟ್ಟದೆ ಕೂತ ಮೇಲೆ ನೂರಕ್ಕೆ ಐದು, ಅದಕ್ಕಿಂತ ಹೆಚ್ಚು ಬೇಡ. ಸಂಬಳ 22,000 ಇದ್ದರೆ ಎರಡನೇ ಹಂತದಲ್ಲಿ ತಿಂಗಳಿಗೆ 440, ಮೂರನೆಯದರಲ್ಲಿ 1,100. ಒಂದು ವರ್ಷ 440 ಉಳಿಸಿದರೆ 5,280. ಮುಂದಿನ ಹತ್ತು ತಿಂಗಳು 1,100ರಂತೆ 11,000. ಒಟ್ಟು 16,280. ಹಳೆಯ ಮಾದರಿಯ ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ಹುಡುಕಲು ಇದು ಸಾಕು. ಇಪ್ಪತ್ತೆರಡು ತಿಂಗಳು ಉದ್ದ ಅನಿಸಬಹುದು, ಆದರೆ ಆ ಹೊತ್ತಿಗೆ ಕ್ಯಾಮೆರಾ ಮೇಲೆ ಒಂದು ರೂಪಾಯಿ ಸಾಲ ಇರುವುದಿಲ್ಲ. ನಡುವೆ ಸಣ್ಣ ಗಳಿಕೆ ಬಂದರೆ ಅವಧಿ ತಾನಾಗಿಯೇ ಕುಗ್ಗುತ್ತದೆ.

ಈ ದುಡ್ಡನ್ನು ಸಂಬಳದ ಖಾತೆಯಲ್ಲೇ ಬಿಟ್ಟರೆ ಕರಗಿಹೋಗುತ್ತದೆ. ಅಂಚೆ ಕಚೇರಿಯ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ತಿಂಗಳಿಗೆ 100 ರೂಪಾಯಿಯಿಂದ ಶುರುವಾಗುತ್ತದೆ, ಆದರೆ ಅವಧಿ ಐದು ವರ್ಷ. ಬ್ಯಾಂಕಿನಲ್ಲಿ ಆರು ತಿಂಗಳ, ಒಂದು ವರ್ಷದ ಆರ್‌ಡಿ ಸಿಗುತ್ತದೆ. ಈ ಕೆಲಸಕ್ಕೆ ಅದೇ ಸರಿ. ಓಣಿಯವರ ಭಿಶಿ (ಚೀಟಿ) ಹಾಕುವುದು ಬೇಡ. ಒಂದು ತಿಂಗಳು ತಪ್ಪಿದರೂ ಓಣಿಯಲ್ಲಿ ಮಾತು ಬರುತ್ತದೆ, ಹವ್ಯಾಸಕ್ಕಾಗಿ ಆ ಒತ್ತಡ ತಂದುಕೊಳ್ಳಬಾರದು.

ಅಂಗಡಿಯವರು ಹೇಳುವ ನೋ ಕಾಸ್ಟ್ ಇಎಂಐ ಬಗ್ಗೆ ಎರಡು ಮಾತು. ಸಾಮಾನ್ಯವಾಗಿ ಅಲ್ಲಿ ಬಡ್ಡಿಯಷ್ಟು ಮೊತ್ತವನ್ನು ಮೊದಲೇ ರಿಯಾಯಿತಿ ಎಂದು ಕಳೆದು, ಆಮೇಲೆ ಕಂತಿನಲ್ಲಿ ಬಡ್ಡಿಯಾಗಿ ಸೇರಿಸುತ್ತಾರೆ. ಕಾರ್ಡಿನ ಮೇಲಾದರೆ ಆ ಬಡ್ಡಿಗೆ ಜಿಎಸ್‌ಟಿ ಬೇರೆ ಬೀಳುತ್ತದೆ, ಪ್ರೊಸೆಸಿಂಗ್ ಫೀ ಬೇರೆ. ನಗದು ಕೊಟ್ಟರೆ ಎಷ್ಟು ಎಂದು ಕೇಳಿ ಎರಡನ್ನೂ ಪಕ್ಕಪಕ್ಕ ಬರೆದು ನೋಡಿ. ಕಂತು ತಪ್ಪಿದ ತಿಂಗಳು ದಂಡ ಬೀಳುವುದಲ್ಲದೆ ಸಾಲ ಕೊಡುವವರು ನೋಡುವ ಸಿಬಿಲ್ ಅಂಕವೂ ಇಳಿಯುತ್ತದೆ. ಮುಂದೆ ಮನೆಗೆ ನಿಜವಾಗಿ ಸಾಲ ಬೇಕಾದಾಗ ಅದು ಅಡ್ಡ ಬರುತ್ತದೆ.

ಮನೆಯಲ್ಲಿ ಮೊದಲೇ ಕ್ಯಾಮೆರಾ ಇದ್ದರೆ

ಕಷ್ಟದಲ್ಲಿ ಎಲ್ಲವನ್ನೂ ಒಂದೇ ಏಟಿಗೆ ಮಾರುವ ಮುಂಚೆ, ಹಿಂದೆ ತೆಗೆದ ಫೋಟೊಗಳಲ್ಲಿ ನಿಮಗೆ ಮೆಚ್ಚಿಗೆಯಾದ ಇನ್ನೂರನ್ನು ಕಂಪ್ಯೂಟರಿನಲ್ಲಿ ತೆರೆದು ಮಾಹಿತಿ ನೋಡಿ. ಪ್ರತಿ ಫೋಟೊದ ಜೊತೆ ಅದನ್ನು ಲೆನ್ಸಿನ ಎಷ್ಟು ಮಿಲಿಮೀಟರಿನ ಅಳತೆಯಲ್ಲಿ (ಫೋಕಲ್ ಲೆಂತ್) ತೆಗೆದಿದ್ದು ಎಂಬುದು ದಾಖಲಾಗಿರುತ್ತದೆ. ಬಹುತೇಕರಿಗೆ ನೂರೈವತ್ತಕ್ಕೂ ಹೆಚ್ಚು ಚಿತ್ರ ಒಂದೇ ಲೆನ್ಸಿನವು ಎಂದು ಗೊತ್ತಾಗುತ್ತದೆ. ಆ ಲೆನ್ಸ್ ಮತ್ತು ಒಂದು ಬಾಡಿ (ಲೆನ್ಸ್ ಬಿಟ್ಟ ಕ್ಯಾಮೆರಾ) ಇಟ್ಟುಕೊಳ್ಳಿ, ಉಳಿದದ್ದು ಮಾರಿ. ಬಾಡಿಯ ಬೆಲೆ ವರ್ಷವರ್ಷ ಕುಸಿಯುತ್ತದೆ, ಒಳ್ಳೆಯ ಲೆನ್ಸಿನದು ನಿಧಾನ. ಹಾಗಾಗಿ ಎರಡು ಬಾಡಿ ಇದ್ದರೆ ಮೊದಲು ಹೋಗಬೇಕಾದದ್ದು ಬಾಡಿ. ಬಿಲ್, ಡಬ್ಬ, ಚಾರ್ಜರ್, ಮುಚ್ಚಳ ಎಲ್ಲ ಸೇರಿಸಿ ಕೊಟ್ಟರೆ ಬೆಲೆ ಚೆನ್ನಾಗಿ ಬರುತ್ತದೆ. ಕ್ಯಾಮೆರಾ ಅಡವಿಟ್ಟುಕೊಂಡು ದುಡ್ಡು ಕೊಡುವ ಖಾಸಗಿ ಲೇವಾದೇವಿಗಾರರ ಹತ್ತಿರ ಮಾತ್ರ ಹೋಗಬೇಡಿ. ತಿಂಗಳ ಬಡ್ಡಿಯಲ್ಲೇ ಕ್ಯಾಮೆರಾ ಮುಳುಗುತ್ತದೆ.

ಸೊನ್ನೆ ರೂಪಾಯಿಯ ತಿಂಗಳುಗಳು

ಖರ್ಚು ಸೊನ್ನೆ ಇರುವ ತಿಂಗಳು ಫೋಟೊ ಸೊನ್ನೆ ಆಗಬೇಕಾಗಿಲ್ಲ. ಕೈಯಲ್ಲಿರುವ ಮೊಬೈಲು ಸಾಕು. ಮೊದಲು ಅದರ ಲೆನ್ಸನ್ನು ತೊಳೆದು ಒಣಗಿಸಿದ ಹಳೆಯ ಹತ್ತಿ ಬಟ್ಟೆಯಿಂದ ಒರೆಸಿ. ಮೊಬೈಲ್ ಫೋಟೊ ಮಬ್ಬಾಗಿ ಬರಲು ಮುಖ್ಯ ಕಾರಣವೇ ಬೆರಳಿನ ಎಣ್ಣೆ. ಸೆಟ್ಟಿಂಗಿನಲ್ಲಿ ಗ್ರಿಡ್ ಗೆರೆ ಹಾಕಿಕೊಳ್ಳಿ. ಎರಡು ಬೆರಳಿನಲ್ಲಿ ಹಿಗ್ಗಿಸುವ ಜೂಮ್ ಬಿಟ್ಟುಬಿಡಿ, ಎರಡು ಹೆಜ್ಜೆ ಹತ್ತಿರ ಹೋಗಿ. ಪರದೆಯ ಮೇಲೆ ಬೆಳಕಿನ ಜಾಗವನ್ನು ಬೆರಳಿನಿಂದ ಒತ್ತಿ ಹಿಡಿದರೆ ಫೋಕಸ್ ಮತ್ತು ಬೆಳಕು ಎರಡೂ ಲಾಕ್ ಆಗುತ್ತವೆ. ಆಮೇಲೆ ಬೆರಳು ಕೆಳಗೆಳೆದು ಚಿತ್ರವನ್ನು ಸ್ವಲ್ಪ ಕಪ್ಪಾಗಿಸಿ. ಓಪನ್ ಕ್ಯಾಮೆರಾ, ಸ್ನ್ಯಾಪ್‌ಸೀಡ್ ಎರಡೂ ಉಚಿತ ಆ್ಯಪ್‌ಗಳು. ಕಂಪ್ಯೂಟರಿಗೆ ಡಾರ್ಕ್‌ಟೇಬಲ್, ರಾ ಥೆರಪಿ ಇವೆ, ಅವುಗಳಿಗೂ ದುಡ್ಡಿಲ್ಲ. ತಿಂಗಳ ಚಂದಾ ಕಟ್ಟುವ ಸಾಫ್ಟ್‌ವೇರಿನ ಅಗತ್ಯ ಈಗ ಇಲ್ಲ.

ಅಡುಗೆಮನೆಯಲ್ಲೇ ಒಂದು ತಿಂಗಳ ಅಭ್ಯಾಸವಿದೆ. ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುವ ಹೊತ್ತು ಕಿಟಕಿ ಯಾವ ಕಡೆಗಿದೆ ನೋಡಿಕೊಂಡು, ರೊಟ್ಟಿ ನಿಮ್ಮ ಮತ್ತು ಕಿಟಕಿಯ ನಡುವೆ ಬರುವಂತೆ ನಿಲ್ಲಿ. ಟ್ಯೂಬ್‌ಲೈಟ್ ಆರಿಸಿ, ಎರಡು ಬಣ್ಣದ ಬೆಳಕು ಕಲೆತರೆ ರೊಟ್ಟಿ ಒಂದು ಕಡೆ ಹಳದಿ, ಇನ್ನೊಂದು ಕಡೆ ನೀಲಿ ಕಾಣುತ್ತದೆ. ಕಿಟಕಿಯ ಪಕ್ಕದ ಗೋಡೆಗೆ ಒಂದು ಕಪ್ಪು ಬಟ್ಟೆ ತೂಗುಹಾಕಿ, ಅದರ ಎದುರಿಗೆ ಹಂಚು ಬರುವಂತೆ ಒಂದಿಷ್ಟು ಸರಿಯಿರಿ. ರೊಟ್ಟಿ ಉಬ್ಬಿ ಅಂಚು ಒಡೆದಾಗ ಹೊರಡುವ ಉಗಿ ಹಿಂದಿನ ಬೆಳಕಿಗೆ ಬೆಳ್ಳಿಯಂತೆ ಹೊಳೆಯುತ್ತದೆ, ಕಪ್ಪು ಬಟ್ಟೆಯ ಮೇಲೆ ಅದರ ಎಳೆ ಎಳೆ ಕಾಣುತ್ತದೆ. ಬಿಳಿ ಗೋಡೆ ಹಿಂದಿದ್ದರೆ ಅದೇ ಉಗಿ ಕಾಣುವುದೇ ಇಲ್ಲ. ರೊಟ್ಟಿ ಬಡಿಯುವ ಕೈಯನ್ನು ಸ್ಥಿರವಾಗಿ ಹಿಡಿಯಬೇಕಾದರೆ ಮೊಬೈಲಿನ ಪ್ರೊ ಮೋಡಿನಲ್ಲಿ ಶಟರ್ (ಬೆಳಕು ಒಳಬಿಡುವ ಹೊತ್ತು) 1/250 ಸೆಕೆಂಡ್, ಕೈಯ ಓಟ ಕಾಣಬೇಕಾದರೆ 1/15. ಎರಡನ್ನೂ ಒಂದೇ ಬೆಳಿಗ್ಗೆ ತೆಗೆದು ಪಕ್ಕಪಕ್ಕ ಇಟ್ಟು ನೋಡಿದವರಿಗೆ ಶಟರ್ ಎಂದರೇನು ಎಂದು ಇನ್ನೊಮ್ಮೆ ಹೇಳಿಕೊಡಬೇಕಾಗಿಲ್ಲ.

ಕೈಯಿಂದ ಮಾಡಿಕೊಳ್ಳಬಹುದಾದ ಎರಡು ಸಾಮಾನು ಈಗಲೇ ಮಾಡಿಡಿ. ಹಳೆಯ ಜೀನ್ಸಿನ ಕಾಲು ಕತ್ತರಿಸಿ 25×15 ಸೆಂಟಿಮೀಟರಿನ ಚೀಲ ಹೊಲಿದು, ಅದರ ಮುಕ್ಕಾಲು ಭಾಗ ಜೋಳ ತುಂಬಿ. ಮುಕ್ಕಾಲು ಕಿಲೋದಷ್ಟು ಹಿಡಿಯುತ್ತದೆ. ಕಟ್ಟೆ, ಕಲ್ಲು, ಬಸ್ಸಿನ ಕಿಟಕಿ ಎಲ್ಲಿಟ್ಟರೂ ಕ್ಯಾಮೆರಾ ಅಲ್ಲಾಡದು. ಪೂರ್ತಿ ತುಂಬಿದರೆ ಚೀಲ ಗಟ್ಟಿಯಾಗಿ ಕ್ಯಾಮೆರಾ ಜಾರುತ್ತದೆ. ಜೋಳಕ್ಕೆ ಹುಳ ಬೀಳುವ ಮುಂಚೆ ತೆಗೆದು ಹಿಟ್ಟಿಗೆ ಕೊಡಿ, ಬೇರೆ ತುಂಬಿ.

ಎರಡನೆಯದು ದಾರದ ಆಸರೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಕಾಲಿಂಚಿನ ಕಣ್ಣಿ ಬೋಲ್ಟ್, ಅದಕ್ಕೊಂದು ನಟ್ಟು, ದೊಡ್ಡ ವಾಷರ್ ಮತ್ತು ಎರಡು ಮೀಟರ್ ಗಟ್ಟಿ ದಾರ ತನ್ನಿ. ಬೋಲ್ಟನ್ನು ಕ್ಯಾಮೆರಾದ ತಳದ ರಂಧ್ರಕ್ಕೆ ತಿರುಗಿಸಿ, ದಾರದ ಒಂದು ತುದಿಯನ್ನು ಅದರ ಕಣ್ಣಿಗೆ ಕಟ್ಟಿ, ಇನ್ನೊಂದು ತುದಿಗೆ ವಾಷರ್ ಕಟ್ಟಿ ಕಾಲಡಿ ಒತ್ತಿಟ್ಟು, ದಾರ ಬಿಗಿಯಾಗುವವರೆಗೆ ಕ್ಯಾಮೆರಾ ಮೇಲೆಳೆದು ಕ್ಲಿಕ್ಕಿಸಿ. ಕೈ ನಡುಕ ನಿಂತು, 1/60 ಬೇಕಾದ ಕಡೆ 1/20ರಲ್ಲಿ ಕೆಲಸವಾಗುತ್ತದೆ. ಎರಡು ಎಚ್ಚರ: 6 ಮಿಲಿಮೀಟರಿನ ಬೋಲ್ಟ್ ನೋಡಲು ಒಂದೇ ತರಹ ಇದ್ದರೂ ಎಳೆ ಬೇರೆ, ಬಲವಂತಕ್ಕೆ ತಿರುಗಿಸಿದರೆ ಕ್ಯಾಮೆರಾದ ಎಳೆ ಕೆಡುತ್ತದೆ. ಬೋಲ್ಟ್ 4 ಮಿಲಿಮೀಟರಿಗಿಂತ ಒಳಗೆ ಹೋಗದಂತೆ ನಟ್ಟನ್ನು ತಡೆಯಾಗಿ ಬಿಗಿದಿಡಿ.

ಅಗ್ಗದ ಟ್ರೈಪಾಡ್, ಲೆನ್ಸಿನ ಮುಂದೆ ತಿರುಗಿಸುವ ವೈಡ್ ಗಾಜು, ಫಿಲ್ಟರ್ ಸೆಟ್, ಬ್ಯಾಗು ಸೇರಿದ ಕಾಂಬೋ ಆಫರ್ ಮುಟ್ಟಬೇಡಿ. ನೂರು, ಇನ್ನೂರು ಎಂದು ದುಡ್ಡು ಸೋರುವುದು ಅಲ್ಲೇ. ಫಿಲ್ಮ್ ಕ್ಯಾಮೆರಾ ಕೂಡ ಈಗ ಬೇಡ, ರೋಲು, ತೊಳೆಯುವಿಕೆ, ಸ್ಕ್ಯಾನ್ ಸೇರಿ ಪ್ರತಿ ಕ್ಲಿಕ್ಕಿಗೂ ದುಡ್ಡು.

ತಿಂಗಳಿಗೊಂದು ತಿರುಗಾಟ

ಎರಡನೇ ಹಂತಕ್ಕೆ ಬಂದ ಮೇಲೆ ತಿಂಗಳಿಗೆ ಒಂದು ಕಡೆ ಹೋಗಿ. ಬುತ್ತಿ ಕಟ್ಟಿಕೊಂಡು ಹೋದರೆ ಖರ್ಚು ಬಸ್ ಚಾರ್ಜು ಮಾತ್ರ. ಶಕ್ತಿ ಯೋಜನೆ 2023ರ ಜೂನ್ 11ರಂದು ಶುರುವಾದ ಮೇಲೆ ರಾಜ್ಯದ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಅದೂ ಇಲ್ಲ, ಗುರುತಿನ ಚೀಟಿ ಇಟ್ಟುಕೊಂಡರೆ ಸಾಕು. ಹುಬ್ಬಳ್ಳಿಯವರು ಮೊದಲ ತಿಂಗಳು ಉಣಕಲ್ಲಿನ ಚಂದ್ರಮೌಳೇಶ್ವರ ಗುಡಿ ಮತ್ತು ಕೆರೆ, ಧಾರವಾಡದವರು ಸಾಧನಕೇರಿ ಮತ್ತು ಕೆಲಗೇರಿ ಕೆರೆ ಮುಗಿಸಿಕೊಂಡು ದೂರ ಹೊರಡಲಿ.

ಲಕ್ಕುಂಡಿ ಗದಗಿನಿಂದ ಸುಮಾರು 12 ಕಿಲೋಮೀಟರ್. ಕಾಶಿವಿಶ್ವೇಶ್ವರ ಗುಡಿಯ ಕೆತ್ತನೆ ಬಳಪದ ಕಲ್ಲಿನದು, ಬೆರಳುಗುರಿನಷ್ಟು ಸಣ್ಣ ಹೂಬಳ್ಳಿಯೂ ಅದರಲ್ಲಿ ಉಳಿದಿದೆ. ಅದು ಚಿತ್ರದಲ್ಲಿ ಕಾಣಬೇಕಾದರೆ ಬಿಸಿಲು ಗೋಡೆಗೆ ಎದುರಾಗಿ ಬೀಳಬಾರದು, ಗೋಡೆಯನ್ನು ಸವರಿಕೊಂಡು ಹೋಗಬೇಕು. ಡಿಸೆಂಬರ್–ಜನವರಿಯಲ್ಲಿ ಸೂರ್ಯ ಆಗ್ನೇಯಕ್ಕೆ ಹುಟ್ಟುವುದರಿಂದ ದಕ್ಷಿಣದ ಗೋಡೆಗೆ ಬೆಳಗಿನ ಎಂಟರಿಂದ ಒಂಬತ್ತೂವರೆವರೆಗೆ ಅಂಥ ಓರೆ ಬಿಸಿಲು ಸಿಗುತ್ತದೆ. ಹನ್ನೊಂದರ ಮೇಲೆ ಬಾಗಿಲುವಾಡದ ಕೆತ್ತನೆಗೆ ಹೋಗಿ. ಜೊತೆಗೆ ಬಂದವರು ಬಿಸಿಲಿಗೆ ಒಂದು ಬಿಳಿ ಪಂಚೆ ಹರವಿ ಹಿಡಿದರೆ ಅದರ ಬೆಳಕು ನೆರಳಿನೊಳಗೆ ಹೊಕ್ಕು ಶಿಲ್ಪ ಎದ್ದು ನಿಲ್ಲುತ್ತದೆ. ಕೈಯಲ್ಲಿ ಹಿಡಿದ ಕ್ಯಾಮೆರಾಕ್ಕೆ ತೊಂದರೆಯಿಲ್ಲ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡಿಗೆ ಮೊದಲೇ ಅನುಮತಿ ಬೇಕು, ಜೋಳದ ಚೀಲ ಇಲ್ಲಿ ಕೆಲಸಕ್ಕೆ ಬರುತ್ತದೆ. ಮಾಣಿಕೇಶ್ವರ ಗುಡಿಯ ಮುಂದಿನ ಮುಸುಕಿನ ಬಾವಿಗೆ ಮೊಬೈಲಿನ ವೈಡ್ ಲೆನ್ಸೇ ಸರಿ. ನೆತ್ತಿಯ ಬಿಸಿಲಿನಲ್ಲಿ ಮೆಟ್ಟಿಲಿನ ಅರ್ಧ ಬೆಳ್ಳಗೆ, ಅರ್ಧ ಕಪ್ಪಗೆ ಹೋಗುತ್ತದೆ, ಮೋಡದ ದಿನ ಒಳ್ಳೆಯದು.

ಗದಗ ಜಿಲ್ಲೆಯ ಶಿರಹಟ್ಟಿ ತಾಲ್ಲೂಕಿನ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತುಗಳು ಹಿಮಾಲಯ ದಾಟಿ ಬರುತ್ತವೆ. ಈ ಕೆರೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತರರಾಷ್ಟ್ರೀಯ ಗುರುತು, ಸಿಕ್ಕಿತು. ಇಲ್ಲಿಗೆ ಹೋದವರೆಲ್ಲ ದೊಡ್ಡ ಲೆನ್ಸಿನ ಆಸೆ ಹೊತ್ತು ಮನೆಗೆ ಮರಳುತ್ತಾರೆ. ಆ ಆಸೆಯ ಬೆಲೆ ಲಕ್ಷ. ಕ್ಯಾಮೆರಾ ಜೊತೆ ಬರುವ 18–55 ಎಂಎಂ ಕಿಟ್ ಲೆನ್ಸಿನಲ್ಲಿ ಹಕ್ಕಿಯ ಕಣ್ಣು ಸಿಗುವುದಿಲ್ಲ ಎಂದು ಮೊದಲೇ ಒಪ್ಪಿಕೊಂಡು ಹಿಂಡನ್ನು ತೆಗೆಯಿರಿ. ಸೂರ್ಯ ಏಳುವ ಅರ್ಧ ಗಂಟೆ ಮೊದಲು ನೀರಿನಂಚಿಗೆ ದೂರದಲ್ಲಿ ಕೂತು, ಆಕಾಶದ ಬೆಳಕಿಗೆ ಅಳತೆ ಹೊಂದಿಸಿ; ಬೆಳಕು ಏರಿದಂತೆ ಲೆನ್ಸಿನ ಕಿಂಡಿ ಎಫ್/5.6, ಶಟರ್ 1/500, ಬೆಳಕಿನ ಸೂಕ್ಷ್ಮತೆ ಐಎಸ್‌ಒ 800ರ ಆಸುಪಾಸು. ಹಿಂಡು ಏಳುವಾಗ ಕಪ್ಪು ನೆರಳಿನಂತೆ ಸಾಲು ಬರುತ್ತದೆ. ಹಕ್ಕಿ ಹಾರಲಿ ಎಂದು ಕಲ್ಲು ಎಸೆಯುವುದು, ಚಪ್ಪಾಳೆ ತಟ್ಟುವುದು ಪಾಪದ ಕೆಲಸ. ಸಾವಿರಾರು ಮೈಲಿ ಹಾರಿ ಬಂದವು ಅಲ್ಲಿ ಕೂತಿರುವುದೇ ದಣಿವಾರಿಸಿಕೊಳ್ಳಲು.

ಹಾವೇರಿ ಜಿಲ್ಲೆಯಲ್ಲಿ ಬ್ಯಾಡಗಿಗಿಂತ ಒಳ್ಳೆಯ ಪಾಠಶಾಲೆ ಇಲ್ಲ. ಮೆಣಸಿನಕಾಯಿ ಸುಗ್ಗಿಯಲ್ಲಿ, ಜನವರಿಯಿಂದ ಮಾರ್ಚ್‌ವರೆಗೆ, ಮಾರುಕಟ್ಟೆಯೆಲ್ಲ ಕೆಂಪು. ಆದರೆ ತೆಗೆದ ಚಿತ್ರ ಮನೆಗೆ ತಂದು ನೋಡಿದರೆ ರಾಶಿಯ ಜಾಗದಲ್ಲಿ ಒಂದು ಕೆಂಪು ಬಣ್ಣದ ಮುದ್ದೆ ಇರುತ್ತದೆ, ಬ್ಯಾಡಗಿ ಕಾಯಿಯ ಸುಕ್ಕು ಒಂದೂ ಕಾಣುವುದಿಲ್ಲ. ಕಾರಣ ಇಷ್ಟು: ಕ್ಯಾಮೆರಾ ಕೆಂಪು, ಹಸಿರು, ನೀಲಿ ಮೂರನ್ನೂ ಬೇರೆಬೇರೆ ದಾಖಲಿಸುತ್ತದೆ. ಮೆಣಸಿನಕಾಯಿಯಲ್ಲಿ ಕೆಂಪು ಮಾತ್ರ ತುಂಬಿ ತುಳುಕುತ್ತದೆ, ಉಳಿದೆರಡು ತಳದಲ್ಲಿರುತ್ತವೆ. ಸರಾಸರಿ ನೋಡಿದ ಕ್ಯಾಮೆರಾದ ಬೆಳಕಿನ ಮೀಟರ್ ಬೆಳಕು ಸರಿಯಿದೆ ಎನ್ನುತ್ತದೆ, ಅಷ್ಟರಲ್ಲಿ ಕೆಂಪಿನ ವಿವರ ಸುಟ್ಟುಹೋಗಿರುತ್ತದೆ. ಹಾಗಾಗಿ ಬೆಳಕು ಏರಿಳಿಸುವ ಎಕ್ಸ್‌ಪೋಷರ್ ಕಾಂಪೆನ್ಸೇಶನ್ –0.7ಕ್ಕೆ ಇಳಿಸಿ, ವೈಟ್ ಬ್ಯಾಲೆನ್ಸ್ ಬಿಸಿಲಿನ ಗುರುತಿಗೆ ಇಟ್ಟು, ಪರದೆಯಲ್ಲಿ ಮೂರು ಬಣ್ಣದ ಹಿಸ್ಟೋಗ್ರಾಂ (ಬೆಳಕಿನ ಹಂಚಿಕೆಯ ನಕ್ಷೆ) ತೆರೆದು ಕೆಂಪು ಗೆರೆ ಬಲಗೋಡೆಗೆ ತಾಗಿದೆಯೇ ನೋಡಿ. ತಾಗಿದ್ದರೆ –1. ಮೊಬೈಲಿನವರು ರಾಶಿಯ ಮೇಲೆ ಒತ್ತಿ ಹಿಡಿದು ಕಾಯಿಯ ಸುಕ್ಕು ಕಾಣುವವರೆಗೆ ಕೆಳಗೆಳೆಯಲಿ. ಆಮೇಲೆ ಎಡಿಟ್ ಮಾಡುವಾಗ ಬಣ್ಣದ ಗಾಢತೆ ಏರಿಸಬೇಡಿ, ಅದೇ ಮುದ್ದೆ ಮರಳಿ ಬರುತ್ತದೆ.

ಅಲ್ಲಿ ಲೆನ್ಸ್ ಬಿಚ್ಚಬಾರದು. ಮೆಣಸಿನ ಧೂಳು ಒಳಗಿನ ಸೆನ್ಸರಿಗೆ (ಚಿತ್ರ ಹಿಡಿಯುವ ಫಲಕ) ಇಳಿದರೆ ಕ್ಲೀನಿಂಗ್ ಖರ್ಚಿಗೆ ಎರಡು ತಿಂಗಳ ಉಳಿತಾಯ ಹೋಗಬಹುದು. ಮೂಗಿಗೆ ಒದ್ದೆ ಕರವಸ್ತ್ರ ಕಟ್ಟಿಕೊಳ್ಳಿ, ಅದೇ ಕೈಯಿಂದ ಕಣ್ಣು ಮುಟ್ಟಬೇಡಿ. ತೊಟ್ಟು ಬಿಡಿಸುತ್ತ ಕೂತ ಹೆಣ್ಣುಮಕ್ಕಳ ಚಿತ್ರ ತೆಗೆಯುವ ಮುಂಚೆ “ಅಕ್ಕಾರ, ಒಂದ್ ಫೋಟೊ ತಗೀಲೇನ್ರೀ?” ಎಂದು ಕೇಳಿ. ಬೇಡ ಎಂದರೆ ಬೇಡ. ಹೂಂ ಎಂದವರಿಗೆ ಮುಂದಿನ ಸಲ ಒಂದು 4×6 ಪ್ರಿಂಟ್ ಒಯ್ದು ಕೊಡಿ. ಆ ಸಣ್ಣ ಖರ್ಚು ನೋಟ್‌ಬುಕ್ಕಿನ ಫೋಟೊ ಸಾಲಿನಲ್ಲಿ ಇರಲೇಬೇಕಾದದ್ದು.

ಹುಬ್ಬಳ್ಳಿಯ ರಂಗಪಂಚಮಿಗೆ ಒಳ್ಳೆಯ ಕ್ಯಾಮೆರಾ ಒಯ್ಯಬೇಡಿ. ಹಳೆಯ ಮೊಬೈಲನ್ನು ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ, ಲೆನ್ಸಿನ ಜಾಗ ಮಾತ್ರ ಬಿಗಿಯಾಗಿ ಎಳೆದು ರಬ್ಬರ್ ಬ್ಯಾಂಡ್ ಹಾಕಿ.

ಸೆಕೆಂಡ್ ಹ್ಯಾಂಡ್ ಕ್ಯಾಮೆರಾ ನೋಡುವ ಬಗೆ

ದುಡ್ಡು ಕೂಡಿದ ಮೇಲೆ ಹೊಸದಕ್ಕೆ ಆಸೆಪಡಬೇಡಿ. ನಿಕಾನ್ ಡಿ3300, ಡಿ5300, ಕ್ಯಾನನ್ 1300ಡಿ, 200ಡಿಯಂಥ ಹಳೆಯ ಡಿಎಸ್‌ಎಲ್‌ಆರ್‌ಗಳು ಕಲಿಕೆಗೂ ಸಣ್ಣ ಗಳಿಕೆಗೂ ಧಾರಾಳ ಸಾಕು. ಆಯ್ಕೆಯಲ್ಲೇ ಎರಡು ಹೊಂಡಗಳಿವೆ. ನಿಕಾನಿನ ಡಿ3000, ಡಿ5000 ಸಾಲಿನ ಬಾಡಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ 50 ಎಂಎಂ ಎಫ್/1.8ಡಿ ಅವಕ್ಕೆ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು; ಹೆಸರಿನಲ್ಲಿ ಎಎಫ್-ಎಸ್ ಎಂದಿರುವುದನ್ನು ಕೇಳಿ ಪಡೆಯಿರಿ. ಕ್ಯಾನನ್ 1500ಡಿ, 3000ಡಿ, 200ಡಿ ಮಾರ್ಕ್ 2 ಇವುಗಳ ತಲೆಯ ಮೇಲಿನ ಫ್ಲ್ಯಾಶ್ ಕೂರಿಸುವ ಜಾಗದಲ್ಲಿ ನಡುವಿನ ಸಂಪರ್ಕ ಬಿಂದು ಇಲ್ಲ. ದೂರದ ಫ್ಲ್ಯಾಶ್ ಹೊತ್ತಿಸಲು ಸ್ಟುಡಿಯೊದಲ್ಲಿ ಬಳಸುವ ಸಾದಾ ಟ್ರಿಗರ್ ಇವುಗಳ ಮೇಲೆ ಕೆಲಸ ಮಾಡುವುದಿಲ್ಲ. ಮುಂದೆ ಲೈಟ್ ಹಾಕಿ ದುಡಿಯುವ ಯೋಚನೆ ಇದ್ದರೆ 1300ಡಿ ಅಥವಾ ಮೊದಲಿನ 200ಡಿ ನೋಡಿ.

ಹಗಲು ಹೊತ್ತು, ಮಾರುವವರ ಮನೆಯಲ್ಲೋ ಅಂಗಡಿಯಲ್ಲೋ, ನಿಮ್ಮದೇ ಮೆಮರಿ ಕಾರ್ಡ್ ಮತ್ತು ಒಂದು ಸಣ್ಣ ಟಾರ್ಚ್ ಒಯ್ದು ನೋಡಿ. “ಅಣ್ಣಾರ, ಬಿಲ್ ಐತೇನ್ರೀ? ಬ್ಯಾಟರಿ ಹಾಕಿ ಒಂದ್ಸಲ ತೋರಸ್ರಿ” ಎಂದು ಶುರುಮಾಡಿ. ಬಾಡಿಯ ತಳದ ಸೀರಿಯಲ್ ನಂಬರ್ ಬಿಲ್ಲಿನದಕ್ಕೆ ತಾಳೆಯಾಗಬೇಕು. ಬಿಲ್ಲೂ ಇಲ್ಲ, ಡಬ್ಬವೂ ಇಲ್ಲ, ಬೆಲೆ ಮಾತ್ರ ಬಹಳ ಕಡಿಮೆ ಎಂದರೆ ಕದ್ದ ಮಾಲು ಇರಬಹುದು, ಎದ್ದು ಬನ್ನಿ. ಮೊಬೈಲ್ ಆದರೆ ಸ್ಟಾರ್, ಹ್ಯಾಶ್, 06, ಹ್ಯಾಶ್ ಒತ್ತಿ ಐಎಂಇಐ (ಮೊಬೈಲಿನ ಗುರುತಿನ ಸಂಖ್ಯೆ) ತೆಗೆದು, ಇಂಗ್ಲಿಷಿನಲ್ಲಿ ಕೆ, ವೈ, ಎಂ ಬರೆದು ಜಾಗ ಬಿಟ್ಟು ಆ 15 ಅಂಕಿ ಸೇರಿಸಿ 14422ಕ್ಕೆ ಮೆಸೇಜ್ ಕಳಿಸಿ. ಕಳವು ಎಂದು ದಾಖಲಾಗಿದ್ದರೆ ಉತ್ತರದಲ್ಲೇ ಗೊತ್ತಾಗುತ್ತದೆ.

ಲೆನ್ಸ್ ಬಿಚ್ಚಿ ಒಂದು ಕಡೆಯಿಂದ ಟಾರ್ಚ್ ಹಿಡಿದು ಇನ್ನೊಂದು ಕಡೆಯಿಂದ ಓರೆಯಾಗಿ ನೋಡಿ. ನಾಲ್ಕು ಧೂಳಿನ ಕಣಗಳಿದ್ದರೆ ಚಿಂತೆಯಿಲ್ಲ. ಜೇಡರ ಬಲೆಯ ಎಳೆಯಂತೆ ಕವಲೊಡೆದ ಗೆರೆ ಕಂಡರೆ ಅದು ಬೂಷ್ಟು. ಕಡಿಮೆ ಬೆಲೆಗೆ ಕೊಟ್ಟರೂ ಬೇಡ, ಕ್ಲೀನಿಂಗಿನ ಖರ್ಚಿಗೆ ಇನ್ನೊಂದು ಕಿಟ್ ಲೆನ್ಸೇ ಬಂದೀತು. ಲೆನ್ಸ್ ಹಾಕಿ ಎಫ್/16ರಲ್ಲಿ ಬಿಳಿ ಗೋಡೆಯ ಅಥವಾ ಆಕಾಶದ ಫೋಟೊ ತೆಗೆದು ಹಿಗ್ಗಿಸಿ: ಮಸುಕು ಚುಕ್ಕೆಗಳು ಸೆನ್ಸರಿನ ಧೂಳು, ತೆಗೆಯಬಹುದು, ಚೂಪಾದ ಗೆರೆ ಕಂಡರೆ ಗೀರು, ತೆಗೆಯಲಾಗದು. ಮುಚ್ಚಳ ಹಾಕಿ 1 ಸೆಕೆಂಡಿನ ಫೋಟೊ ತೆಗೆದರೆ ಕೆಟ್ಟ (ಹಾಟ್) ಪಿಕ್ಸೆಲ್‌ಗಳು ಬಣ್ಣದ ಚುಕ್ಕೆಗಳಾಗಿ ಹೊಳೆಯುತ್ತವೆ. ಹತ್ತು ಕ್ಲಿಕ್ ಒಂದೇ ಉಸಿರಿಗೆ ತೆಗೆಯಿರಿ, ನಡುವೆ ನಿಂತರೆ ಅಥವಾ ಒಂದು ಫೋಟೊದ ಅಂಚು ಕಪ್ಪಾದರೆ ಶಟರ್ ಸುಸ್ತಾಗಿದೆ.

ಎಷ್ಟು ಕ್ಲಿಕ್ ಆಗಿದೆ ಎಂಬುದನ್ನು ನಿಕಾನ್ ಪ್ರತಿ ಫೋಟೊದ ಮಾಹಿತಿಯಲ್ಲೇ ಬರೆದಿಡುತ್ತದೆ. ಒಂದು ಫೋಟೊ ತೆಗೆದು ಶಟರ್ ಕೌಂಟ್ ಓದುವ ತಾಣಕ್ಕೆ ಹಾಕಿದರೆ ಸಂಖ್ಯೆ ಬರುತ್ತದೆ. ಕ್ಯಾನನಿನ ಸಣ್ಣ ಮಾದರಿಗಳು ಫೋಟೊದಲ್ಲಿ ಅದನ್ನು ಬರೆಯುವುದಿಲ್ಲ, ಯುಎಸ್‌ಬಿ ತಂತಿಯಿಂದ ಕಂಪ್ಯೂಟರಿಗೆ ಜೋಡಿಸಿ ನೋಡಬೇಕು. ಈ ವರ್ಗದ ಶಟರುಗಳ ಆಯುಸ್ಸು ಸಾಮಾನ್ಯವಾಗಿ ಒಂದು ಲಕ್ಷ ಕ್ಲಿಕ್ ಎಂದು ಎಣಿಸುತ್ತಾರೆ. 30,000ದ ಒಳಗಿದ್ದರೆ ಒಳ್ಳೆಯದು, 60,000 ದಾಟಿದ್ದರೆ ಬೆಲೆ ಇಳಿಸಿ ಕೇಳಿ. ಮದುವೆ ಸ್ಟುಡಿಯೊದಲ್ಲಿ ದುಡಿದ ಕ್ಯಾಮೆರಾ ಹೊರಗಿನಿಂದ ಹೊಳೆಯುತ್ತಿದ್ದರೂ ಒಳಗೆ ಲಕ್ಷ ದಾಟಿರುತ್ತದೆ. ಬ್ಯಾಟರಿಯನ್ನು ಮೇಜಿನ ಮೇಲೆ ಮಲಗಿಸಿ ತಿರುಗಿಸಿ. ಬುಗುರಿಯಂತೆ ತಿರುಗಿದರೆ ಹೊಟ್ಟೆ ಉಬ್ಬಿದೆ, ಹೊಸದರ ಬೆಲೆ ಕಳೆದು ಕೊಡಿ.

ಮೆಮರಿ ಕಾರ್ಡ್ ಹೊಸದು, ಬಿಲ್ಲಿನ ಅಂಗಡಿಯದೇ ಇರಲಿ. 32 ಜಿಬಿ ಎಂದು ಬರೆದ ನಕಲಿ ಕಾರ್ಡುಗಳು ಬರುತ್ತವೆ. 8 ಜಿಬಿ ತುಂಬಿದ ಮೇಲೆ ತೆಗೆದ ಫೋಟೊಗಳು ತೆರೆಯುವುದೇ ಇಲ್ಲ. ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶ ಕಾರ್ಡನ್ನು ಪೂರ್ತಿ ತುಂಬಿ ಓದಿ ನಿಜ ಹೇಳುತ್ತದೆ. ಕೊಂಡ ದಿನವೇ ಓಡಿಸಿ.

ಅಪರೂಪಕ್ಕೆ ಬೇಕಾಗುವ ಲೆನ್ಸ್ ಬಾಡಿಗೆಗೆ ತನ್ನಿ. ದಿನಕ್ಕೆ 400 ಬಾಡಿಗೆ, ಕೊಂಡರೆ 8,000 ಎಂದಾದರೆ ಇಪ್ಪತ್ತು ದಿನ ಬಳಸಿದಾಗ ಮಾತ್ರ ಸಮ. ವರ್ಷಕ್ಕೆ ಮೂರು ದಿನ ಬಳಸುವವರು ಕೊಳ್ಳುವುದೇಕೆ? ತರುವಾಗ ಮೊದಲೇ ಇದ್ದ ಗೀರುಗಳ ಫೋಟೊ ತೆಗೆದು ಅಂಗಡಿಯವರಿಗೆ ವಾಟ್ಸ್‌ಆ್ಯಪ್ ಮಾಡಿ, ಠೇವಣಿ ಮರಳಿ ಪಡೆಯುವಾಗ ತಕರಾರು ಇರುವುದಿಲ್ಲ.

ಸಣ್ಣ ಗಳಿಕೆ

ಮನೆ ಇನ್ನೂ ಚೇತರಿಸಿಕೊಳ್ಳುತ್ತಿರುವಾಗ ಹವ್ಯಾಸ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಂಡರೆ ಎಲ್ಲರ ಮನಸ್ಸೂ ಹಗುರ. ಅರ್ಜಿಗಳಿಗೆ ಬೇಕಾದ 35×45 ಮಿಲಿಮೀಟರಿನ ಫೋಟೊ 4×6 ಇಂಚಿನ ಒಂದು ಪ್ರಿಂಟಿನಲ್ಲಿ ಎಂಟು ಕೂರುತ್ತವೆ: 35ರ ಅಂಚು ಉದ್ದಕ್ಕೆ ನಾಲ್ಕು, 45ರ ಅಂಚು ಅಗಲಕ್ಕೆ ಎರಡು. ಓಣಿಯ ಹತ್ತು ಮಕ್ಕಳಿಗೆ ಸಾಲಿ ಶುರುವಾಗುವ ಮೇ ಕೊನೆಯಲ್ಲಿ ತೆಗೆದುಕೊಟ್ಟರೆ ಒಂದು ತಿರುಗಾಟದ ಖರ್ಚು ಬರುತ್ತದೆ.

ಇದಕ್ಕಿಂತ ಸ್ಥಿರವಾದದ್ದು ಸಾಮಾನಿನ ಫೋಟೊ. ಸ್ವಸಹಾಯ ಸಂಘದವರು ಮಾರುವ ಶೇಂಗಾ ಹಿಂಡಿ, ಖಡಕ್ ರೊಟ್ಟಿ, ಕಸೂತಿ ಸೀರೆ ಈಗ ವಾಟ್ಸ್‌ಆ್ಯಪ್‌ನಲ್ಲೇ ಗಿರಾಕಿ ಹುಡುಕುತ್ತವೆ, ಫೋಟೊ ಮಾತ್ರ ಟ್ಯೂಬ್‌ಲೈಟಿನ ಕೆಳಗೆ ತೆಗೆದದ್ದು. ಕಿರಾಣಿ ಅಂಗಡಿಯಿಂದ 45 ಸೆಂಟಿಮೀಟರಿನ ರಟ್ಟಿನ ಪೆಟ್ಟಿಗೆ ತಂದು, ಎರಡು ಪಕ್ಕ ಮತ್ತು ಮೇಲೆ 5 ಸೆಂಟಿಮೀಟರ್ ಅಂಚು ಬಿಟ್ಟು ಕತ್ತರಿಸಿ ಬಟರ್ ಪೇಪರ್ ಅಂಟಿಸಿ. ಒಳಗೆ ಬಿಳಿ ಡ್ರಾಯಿಂಗ್ ಶೀಟನ್ನು ಮಡಿಕೆ ಬೀಳದಂತೆ ಹಿಂದಿನಿಂದ ಕೆಳಕ್ಕೆ ಬಾಗಿಸಿ. ಹಗಲಾದರೆ ಕಿಟಕಿಯ ಪಕ್ಕದಲ್ಲಿಡಿ. ರಾತ್ರಿಯಾದರೆ ಒಂದೇ ಕಂಪನಿಯ, ಒಂದೇ ಬಣ್ಣದ ಎರಡು 9 ವ್ಯಾಟ್ ಎಲ್‌ಇಡಿ ಬಲ್ಬುಗಳನ್ನು ಎರಡು ಪಕ್ಕಕ್ಕೆ ಹಿಡಿಸಿ, ಶಟರ್ 1/50 ಅಥವಾ 1/100 ಇಡಿ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸುತ್ತಿನದು, ಅದಕ್ಕೆ ಹೊಂದದ ಶಟರ್ ಇಟ್ಟರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳುತ್ತದೆ. ಕಸೂತಿಗೆ ಮಾತ್ರ ಈ ಪೆಟ್ಟಿಗೆ ಬೇಡ. ಒಂದೇ ಕಡೆಯ ಓರೆ ಬೆಳಕಿನಲ್ಲಿ ಹೊಲಿಗೆ ಎದ್ದು ಕಾಣುತ್ತದೆ, ಲಕ್ಕುಂಡಿಯ ಗೋಡೆಗೆ ಬೇಕಾದ ಬೆಳಕೇ ಇದಕ್ಕೂ ಬೇಕು.

ದರವನ್ನು ಗಂಟೆಯ ಲೆಕ್ಕದಲ್ಲಿ ಹೇಳಿ, ಎಡಿಟ್ ಮಾಡುವ ಹೊತ್ತೂ ಅದರಲ್ಲಿ ಸೇರಲಿ. ಅರ್ಧ ಮುಂಗಡ ಪಡೆಯಿರಿ. ಕುಬಸ, ತೊಟ್ಟಿಲು, ಜವಳದಂಥ ಮನೆಯ ಕಾರ್ಯಕ್ರಮ ಎರಡು ಬ್ಯಾಟರಿ, ಎರಡು ಕಾರ್ಡ್ ಇದ್ದರೆ ಒಪ್ಪಿಕೊಳ್ಳಬಹುದು. ಮದುವೆಯನ್ನು ಒಂದೇ ಕ್ಯಾಮೆರಾ ನಂಬಿ ಒಬ್ಬರೇ ಒಪ್ಪಿಕೊಳ್ಳಬೇಡಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಶಟರ್ ನಿಂತರೆ ಆ ಕ್ಷಣವನ್ನು ಯಾರಿಂದಲೂ ಮರಳಿ ಕೊಡಲಾಗದು. ಬದಲಿಗೆ ಊರಿನ ಸ್ಟುಡಿಯೊದವರ ಜೊತೆ ಲಗ್ನದ ಸುಗ್ಗಿಯಲ್ಲಿ ದಿನದ ಕೂಲಿಗೆ ಲೈಟ್ ಹಿಡಿಯಲು ಹೋಗಿ. ಕೆಲಸವೂ ಕಲಿತಂತಾಗುತ್ತದೆ, ದುಡ್ಡೂ ಬರುತ್ತದೆ. ಬಂದದ್ದರಲ್ಲಿ ಅರ್ಧ ಮನೆಯ ಸಾಲಕ್ಕೆ, ಅರ್ಧ ಫೋಟೊ ಸಾಲಿಗೆ, ಅಂದೇ ಸಂಜೆ ನೋಟ್‌ಬುಕ್ಕಿನಲ್ಲಿ ಬರೆದುಬಿಡಿ.

ಮಳೆಗಾಲ

ಕಷ್ಟಪಟ್ಟು ಕೊಂಡ ಲೆನ್ಸನ್ನು ಧಾರವಾಡದ ಜಿಟಿಜಿಟಿ ಮಳೆ ಎರಡೇ ತಿಂಗಳಲ್ಲಿ ಹಾಳುಮಾಡಬಲ್ಲದು. ಜೂನ್ ಮೊದಲ ವಾರದಲ್ಲೇ ಕ್ಯಾಮೆರಾವನ್ನು ಚರ್ಮದ ಅಥವಾ ಬಟ್ಟೆಯ ಬ್ಯಾಗಿನಿಂದ ತೆಗೆಯಿರಿ, ಬ್ಯಾಗು ತೇವ ಹೀರಿಕೊಂಡು ಕೂರುತ್ತದೆ. ರಬ್ಬರ್ ಅಂಚಿನ, ಗಾಳಿ ಹೋಗದ 5 ಲೀಟರಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ 200 ಗ್ರಾಂ ಸಿಲಿಕಾ ಜೆಲ್ ಜೊತೆ ಇಡಿ. ಅಕ್ಕಿ ಹಾಕಬೇಡಿ, ಅದರ ಹಿಟ್ಟು ಧೂಳಾಗಿ ಒಳಸೇರುತ್ತದೆ. ಕಿತ್ತಳೆ ಬಣ್ಣದ ಜೆಲ್ ಕೇಳಿ ತನ್ನಿ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ, ಅದು ವಿಷ. ಯಾವ ಬಣ್ಣದ್ದಾದರೂ ಮಕ್ಕಳ ಕೈಗೆ ಸಿಗಬಾರದು. ಬಣ್ಣ ಬದಲಾದಾಗ ಅಡುಗೆಗೆ ಬಳಸದ ಹಳೆಯ ತಟ್ಟೆಯಲ್ಲಿ ಸಣ್ಣ ಉರಿಯ ಮೇಲೆ ಮೊದಲಿನ ಬಣ್ಣ ಬರುವವರೆಗೆ ಕಾಯಿಸಿ, ಪೂರ್ತಿ ಆರಿದ ಮೇಲೆ ಡಬ್ಬಿಗೆ ಹಾಕಿ. ಬಿಸಿಯಾಗಿ ಹಾಕಿದರೆ ಡಬ್ಬಿಯೊಳಗೆ ಬೆವರು ಕಟ್ಟುತ್ತದೆ. ಬ್ಯಾಟರಿ ಹೊರಗೆ ತೆಗೆದು ಅರ್ಧ ಚಾರ್ಜಿನಲ್ಲಿ ಬೇರೆ ಇಡಿ. ವಾರಕ್ಕೊಮ್ಮೆ, ಬಿಸಿಲು ಬಿದ್ದ ಹೊತ್ತು ನೋಡಿ, ಕ್ಯಾಮೆರಾ ಹೊರತೆಗೆದು ಇಪ್ಪತ್ತು ಕ್ಲಿಕ್ ತೆಗೆಯಿರಿ. ಆ ದಿನ ಕಿಟಕಿಯ ಹತ್ತಿರ ಮತ್ತೆ ರೊಟ್ಟಿ ಬೇಯುತ್ತಿದ್ದರೆ ಅದನ್ನೇ.